ದೀಪ ಕೆಂಪಾದ ಹೊತ್ತು

ಒಬ್ಬರ ಮನೆಯೊಳಗಿನ ಮಾತನ್ನು ಹೊರಗೆ ಹೇಳುತ್ತಿದ್ದೇನೆ, ಕ್ಷಮಿಸಿ.

"ಥೂ, ನಿನ್ನಂಥ ದಂಡಪಿಂಡ ಜೊತೆಗಿದ್ರೆ ನಾವು ಗೆದ್ದಂಗೇ!" ಎಂದು ಮಗಳು ಕಿರುಚಿದ್ದೇ ತಡ, ಮೈಕಿನ ಪಕ್ಕದ ದೀಪ ಕೆಂಪಾಯಿತು. ಆನ್‌ಲೈನ್ ಆಟಗಳಲ್ಲಿ ಜೊತೆಯವರನ್ನು ಬೈಯುವ ಚಟವನ್ನು ಬಿಡಿಸುವುದು ಹೇಗೆ ಎಂಬುದೇ ಅವಳ ಪಿಎಚ್‌ಡಿಯ ವಿಷಯ. ಮಾತು ಹದ ತಪ್ಪಿದರೆ ಹೊತ್ತಲೆಂದು ಅವಳೇ ಮಾಡಿದ್ದ ಆ ದೀಪ ಅಲ್ಲಿಯವರೆಗೆ ಒಮ್ಮೆಯೂ ಹೊತ್ತಿರಲಿಲ್ಲ. ಮರುದಿನವೇ ಅದನ್ನು ಗೈಡಿಗೆ ತೋರಿಸಬೇಕಿತ್ತು. ಪರೀಕ್ಷೆಗೆಂದು, ಅಂಗಡಿ ಮುಚ್ಚಿ ಬಂದ ಟೈಲರ್ ಅಪ್ಪನನ್ನೇ ಆಟಕ್ಕೆ ಕೂರಿಸಿದ್ದಳು. ಅಪ್ಪನ ಸೈನಿಕ ಗೋಡೆಗೆ ಮುಖ ಮಾಡಿ ನಿಂತು ಮತ್ತೆ ಮತ್ತೆ ಸಾಯುತ್ತಿದ್ದ.

"ಕೆಂಪು ಬಂದ್ರೆ ಬೈಗುಳ ಅಂದಿದ್ಯಲ್ವಾ ಪುಟ್ಟಿ?" ಅಪ್ಪ ಮೆಲ್ಲಗೆ ಕೇಳಿದರು. ಅವಳಿಗೆ ತಲೆ ಎತ್ತಲಾಗಲಿಲ್ಲ.

"ಏನ್ರೀ ಅದು ಕೂಗಾಟ?" ಎನ್ನುತ್ತ ಅಮ್ಮ ಬಾಗಿಲಿಗೆ ಬಂದರು. ಸೂಜಿ ಚುಚ್ಚಿ ಚುಚ್ಚಿ ಬೆರಳು ಒರಟಾದ ಕೈಯನ್ನು ಅಪ್ಪ ದೀಪದ ಮೇಲಿಟ್ಟು ಮುಚ್ಚಿದರು.

"ಏನಿಲ್ಲ ಕಣೇ. ನಂಗೆ ಆಟ ಬರಲ್ಲ, ಅಷ್ಟೆ."

ಬೆರಳ ಸಂದಿಯಿಂದ ಕೆಂಪು ಸೋರುತ್ತಲೇ ಇತ್ತು. ದೀಪ ಮೊದಲು ಹೊತ್ತಿದ್ದು ಯಾರ ಮಾತಿಗೆಂದು ಅವಳು ಮರುದಿನ ಗೈಡಿಗೆ ಹೇಳಿದಳೋ ಇಲ್ಲವೋ, ನನಗೆ ಗೊತ್ತಿಲ್ಲ.