ಖಾಲಿ ಸಮಾಧಿಯ ಸಾಕ್ಷಿ

ನಾನು ನೋಡದೆ ನಮ್ಮೂರಲ್ಲಿ ಒಂದು ಎಲೆಯೂ ಉದುರಿದ್ದಿಲ್ಲ. ಚಕ್ರವರ್ತಿಯ ಕುದುರೆ ಸೀನಿದ್ದನ್ನೂ ಕಂಡೆ ಎಂದರೆ ಇಡೀ ಪೇಟೆ ನಂಬುತ್ತದೆ. ಅದಕ್ಕೇ ತಂಗಿ ನನ್ನ ಬಳಿಗೆ ಓಡಿಬಂದಳು. ಶಿಲುಬೆಗೇರಿಸಿ ಕೊಂದ ಗುರು ಮೂರನೆಯ ದಿನ ಸಮಾಧಿಯಿಂದ ಎದ್ದುಬಂದು ತನ್ನೊಡನೆ ಮಾತಾಡಿದ ಎಂದು ಅವಳು ಬೀದಿಯಲ್ಲೆಲ್ಲ ಹೇಳಿದ್ದಳು. ಅವಳನ್ನು ಹುಚ್ಚಿ ಎಂದು ಊರಾಚೆ ಹಾಕಲು ಹಿರಿಯರು ಸಭೆ ಸೇರಿದ್ದರು. ಅಲ್ಲಿ ಹೆಂಗಸಿನ ಸಾಕ್ಷಿಗೆ ಬೆಲೆಯಿರಲಿಲ್ಲ.

ಕೂತಲ್ಲಿ ಕೂರಲಾರದೆ ನಾನು ಅಂಗಳವನ್ನು ಸಾವಿರ ಸಲ ಸುತ್ತಿದೆ.

“ನಿನ್ನ ಕಥೆಯೇ ಸರಿಯಿಲ್ಲ ಮಾರಾಯ್ತಿ! ನೋಡಿದವರು ಹೆಂಗಸರು ಬೇಡ, ಇಬ್ಬರು ದಂಡನಾಯಕರನ್ನ ನಿಲ್ಲಿಸೋಣ. ಗುರುವನ್ನೇ ಮೊದಲು ತೋಟದ ಮಾಲಿ ಅಂದ್ಕೊಂಡೆ ಅಂತೀಯಲ್ಲ, ಅದನ್ನಂತೂ ಬಾಯಿಬಿಡಬೇಡ.”

“ಅಂದ್ಕೊಂಡಿದ್ದು ನಿಜ ಅಣ್ಣಾ.”

“ಅವನ ಶಿಷ್ಯರೇ ನಿನ್ನ ನಂಬಲಿಲ್ಲ ಅನ್ನೋದು?”

“ಅದೂ ನಿಜ.”

“ಇಂಥ ಸುಳ್ಳನ್ನ ಯಾವ ದಡ್ಡ ಕಟ್ತಾನೆ!” ಎಂದು ಕೂಗಿದೆ. ಕೂಗಿದ ಮೇಲೆ ನನ್ನ ಮಾತು ನನ್ನ ಕಿವಿಗೇ ಬಿತ್ತು.

“ಹೋಗಲಿ, ನಾನೇ ಅಲ್ಲಿದ್ದೆ ಅಂತೀನಿ. ಕಣ್ಣಾರೆ ಕಂಡೆ ಅಂದ್ರೆ ಮುಗೀತು.”

“ನೀನು ಅಲ್ಲಿರಲಿಲ್ಲ,” ಎಂದಳು ತಂಗಿ.

ಸಭೆಯಲ್ಲಿ ಏಳು ಸಾವಿರ ಕಣ್ಣುಗಳು ನನ್ನ ಮೇಲಿದ್ದವು. ಬಾಗಿಲಾಚೆ ತಂಗಿಯ ಗಂಟುಮೂಟೆಯನ್ನು ಆಗಲೇ ತಂದು ಎಸೆದಿದ್ದರು. ನಾನು ಹೂಂ ಎಂದರೆ ಸಾಕಿತ್ತು, ಅವಳು ಊರಲ್ಲಿ ಉಳಿಯುತ್ತಿದ್ದಳು.

“ಏನಯ್ಯಾ, ಊರಿನದೆಲ್ಲ ಕಂಡವನೇ,” ಎಂದರು ಹಿರಿಯರು, “ಇದನ್ನೂ ನೀನೇ ನೋಡಿದೆಯಾ?”

“ನಾನಲ್ಲ ಸ್ವಾಮಿ,” ಎಂದೆ, “ನೋಡಿದ್ದು ನನ್ನ ತಂಗಿ.”