ಸುತ್ತಿನ ಮುಂಚಿನ ಖಾಲಿ

"ಸಂಜೆ ನೀವು ಕುಣಿಯೋದು ಬೇಡ ಬಿಡಿ, ಮೇಡಂ," ಎಂದ ನಿರ್ದೇಶಕ ಹಿರಿಯ ನರ್ತಕಿಗೆ, ತಾಲೀಮು ಕೋಣೆಯ ಬಾಗಿಲಲ್ಲೇ ನಿಂತು. "ಸುತ್ತು ಹೊಡೆಯುವಾಗ ಮಂಡಿ ಕೈಕೊಡ್ತಿದೆ. ಹೊಸ ಹುಡುಗಿ ಮಾಡ್ತಾಳೆ."

ಮೂಲೆಯಲ್ಲಿ ಕಂಪ್ಯೂಟರ್ ಮುಂದಿದ್ದ ಆಕೆಯ ತಂಗಿಗೆ ಮೈಯೆಲ್ಲ ಉರಿದುಹೋಯಿತು. ಸಂಗೀತ ಅವಳದು, ಆದರೆ ಕುಣಿತದ ಒಂದೊಂದು ಹೆಜ್ಜೆಯೂ ಅಕ್ಕ ಕೂಡಿಸಿದ್ದು. ಅದನ್ನೀಗ ಬೇರೆಯವಳು ಕುಣಿಯಬೇಕಂತೆ!

"ಪ್ರತಿ ಸುತ್ತಿಗೂ ಮುಂಚೆ ಒಂಚೂರು ಬಿಡುವು ಸಿಕ್ರೆ ಸಾಕು ನಂಗೆ," ಎಂದಳು ಅಕ್ಕ. "ಕಾಲೂರಿ ತಿರುಗ್ತೀನಿ."

"ಅಂದ್ರೆ ಡೋಲು, ತಂತಿ, ಕೊಳಲು ಎಲ್ಲಾ ಬಿಚ್ಚಿ ಮತ್ತೆ ಜೋಡಿಸ್ಬೇಕು. ಎರಡು ದಿನದ ಕೆಲಸ. ಪ್ರದರ್ಶನ ಸಂಜೆಗೆ!" ಎಂದ ನಿರ್ದೇಶಕ.

"ನೀವು ಮೌಸ್ ಹಿಡ್ಕೊಂಡು ಒಂದೊಂದೇ ಸ್ವರ ಹೆಕ್ತಾ ಕೂತ್ರೆ ಎರಡು ವಾರಾನೇ ಆಗುತ್ತೆ ಬಿಡಿ," ಎಂದು ತಂಗಿ ಕೀಬೋರ್ಡ್ ಎಳೆದುಕೊಂಡಳು.

ತೆರೆಯ ಮೇಲೆ ಸಂಗೀತ ಮೇಲಿಂದ ಕೆಳಕ್ಕೆ ಸಾಲುಸಾಲಾಗಿ ಇಳಿದಿತ್ತು, ಒಂದೊಂದು ವಾದ್ಯಕ್ಕೂ ಒಂದೊಂದು ಕಂಬ. ಒಂದು ಕೀ ಒತ್ತಿದರೆ ನೇರ ಮುಂದಿನ ಸುತ್ತಿನ ಜಾಗಕ್ಕೆ ನೆಗೆತ. ಇನ್ನೊಂದು ಒತ್ತಿದರೆ ಅಲ್ಲಿಂದಾಚೆಯ ವಾದ್ಯಗಳೆಲ್ಲ ಒಟ್ಟಿಗೇ ಕೆಳಕ್ಕೆ ಸರಿದು, ನಡುವೆ ಖಾಲಿ ಸಾಲು. ಈ ಕೀಗಳನ್ನು ಹೀಗೆ ಹೊಂದಿಸಿಕೊಂಡವಳು ಅವಳೇ. ಗಳಿಗೆಗೊಮ್ಮೆ ಮನಸ್ಸು ಬದಲಿಸುವ ಅಕ್ಕನ ಜೊತೆ ಏಗಬೇಕಲ್ಲ, ಇನ್ನೇನು ಮಾಡಿಯಾಳು ಪಾಪ! ನೆಗೆತ, ಒತ್ತು, ನೆಗೆತ, ಒತ್ತು. ನಿರ್ದೇಶಕ ಫೋನಿನಲ್ಲಿ ಹೊಸ ಹುಡುಗಿಯ ನಂಬರ್ ಹುಡುಕುವಷ್ಟರಲ್ಲಿ ಕೆಲಸ ಮುಗಿದೇ ಹೋಗಿತ್ತು.

ಸಂಗೀತ ಹಾಕಿದರು. ಅಕ್ಕ ಕುಣಿದಳು. ಖಾಲಿ ಬಂದಾಗಲೆಲ್ಲ ಸದ್ದಡಗುತ್ತಿತ್ತು. ಅವಳು ನಿಂತು, ಕಾಲೂರಿ, ಗಿರ್ರನೆ ತಿರುಗುತ್ತಿದ್ದಳು. ಮಂಡಿ ಒಮ್ಮೆಯೂ ಅಲುಗಲಿಲ್ಲ.

ನಿರ್ದೇಶಕ ಫೋನ್ ಜೇಬಿಗಿಳಿಸಿದ. ಆದರೂ ಸುಮ್ಮನಿರಲು ಅವನಿಂದಾಗಲಿಲ್ಲ. "ಕುಣೀರಿ, ಬೇಡ ಅನ್ನಲ್ಲ. ಆದ್ರೆ ಆ ಖಾಲಿ ಎದ್ದು ಕಾಣುತ್ತೆ. ವಯಸ್ಸಾಯ್ತು, ಅದಕ್ಕೇ ನಿಂತ್ಲು ಅಂತ ಜನ ಆಡ್ಕೋತಾರೆ. ಅಲ್ಲಿ ಏನಾದ್ರೂ ತುಂಬಮ್ಮಾ," ಎಂದು ತಂಗಿಯ ಕಡೆ ತಿರುಗಿದ.

ತಂಗಿಗೂ ಅದು ಹೌದೆನ್ನಿಸಿತು. ಅಕ್ಕ ನಗೆಪಾಟಲಾಗಬಾರದಲ್ಲ! ಅವಳ ಬೆರಳು ಆಗಲೇ ಓಡಿತ್ತು. ಖಾಲಿಗಳಲ್ಲೆಲ್ಲ ಡೋಲಿನ ಸಣ್ಣ ಸದ್ದು ಬಂದು ಕೂತಿತು.

"ತೆಗಿಯೇ ಅದನ್ನ," ಎಂದಳು ಅಕ್ಕ.

"ಜನಕ್ಕೆ ಗೊತ್ತಾಗುತ್ತಲ್ಲಾ ಅಕ್ಕಾ!"

"ಗೊತ್ತಾಗ್ಲಿ. ಇಷ್ಟು ವರ್ಷ ಅವ್ರು ನನ್ನ ನೋಡಿದ್ದಾಯ್ತು. ಅಲ್ಲಿ ನಿಂತು ನಾನು ಅವ್ರನ್ನ ನೋಡ್ತೀನಿ."