ಜೋರಾಗಿ ಓದು

ಗಂಡ ಜಗದೀಶನ ಕ್ರಿಯೆಗೆ ಬಂದ ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಸುಚಿತಾ ಕದ ತೆಗೆದಾಗ, ಅವನ ಚಿಕ್ಕಮ್ಮ ಕಮಲಿ ಬಟ್ಟೆಗಂಟು ಕಟ್ಟಿಕೊಂಡು ಜಗಲಿಯಲ್ಲಿ ಕೂತಿದ್ದಳು. ಗಂಟಿನ ಮೇಲೊಂದು ದಪ್ಪ ಕಾದಂಬರಿ.

"ಎಲ್ಲಿಗೆ ಸವಾರಿ, ಚಿಕ್ಕಮ್ಮಾ?"

"ಸತ್ತವ್ರ ಎರವಲು ಮನೇಲಿ ಇಟ್ಕಂಬುಕಾಗ. ಜಗದೀಶ ತಂದದ್ದೆಲ್ಲ ವಾಪಸ್ ಕೊಡು. ಪುಸ್ತಕ ಶಿರಾಲಿ ಅಕ್ಕೋರಿಗೆ. ನನ್ನ ಕುಮಟೆ ಬಸ್ಸಿಗೆ ಹತ್ಸು, ಮಗ ನರೇಶನ ಮನೆಗೆ."

"ನಿಮ್ಮನ್ನೂ ಎರವಲು ತಂದದ್ದಾ?"

"ಮತ್ತೆಂತ? ಹೆತ್ತ ಮಗನೇ ಕೊಡ್ತೆ ಅಂದ, ಇವ ತಂದ. ಒಂದು ರಸೀದಿಯೂ ಬರ್ಸಲಿಲ್ಲ."

ಸುಚಿತಾಗೆ ನಗು ಬಂತು. ಮರಗಟ್ಟಿದ ಮುಖಕ್ಕೆ ಅದು ಸರಿಯಾಗಿ ಕೂರಲಿಲ್ಲ.

"ಈಗ ಹೋಗೂದು ಯಾಕೆ?"

"ಎಂ.ಎ. ಓದಿದವಳು ನನ್ನ ಕೇಳ್ತ್ಯಾ? ಆ ಕಾದಂಬರಿಲಿ ತಬ್ಬಲಿ ಹುಡುಗನ್ನ ಸಾಕಿದ ಹೆಂಗ್ಸು ಹೊಡ್ದು ಹೊಡ್ದು ಅವನ್ನ ರಾಕ್ಷಸ ಮಾಡ್ತದೆ. ನೀ ಓದೂವಾಗ ಜಗದೀಶ ಎಂತ ಹೇಳ್ತಿದ್ದ? 'ಜೋರಾಗಿ ಓದು.' ಒಲೆ ಮುಂದಿದ್ದ ನಂಗೆ ಕೇಳ್ಲಿ ಅಂತ. ತಬ್ಬಲಿ ಜಗದೀಶನ್ನ ಸಾಕಿದ್ದು ಯಾರು? ನಾನೇ ಅಲ್ವಾ?"

ದಿನಾ ಸಂಜೆ ಜಗದೀಶ ಹರಿದ ಬಲೆ ಹೆಣೆಯುತ್ತಿದ್ದ, ಸುಚಿತಾ ಓದುತ್ತಿದ್ದಳು. ಬಾಲ್ಯದ ಪೆಟ್ಟೇ ನಾಯಕನನ್ನು ಕ್ರೂರಿಯಾಗಿಸಿತೆಂದು ಅವಳು ಪಾಠದ ಧಾಟಿಯಲ್ಲಿ ವಿವರಿಸಿದರೆ, "ಪೆಟ್ಟು ತಿಂದವ್ರೆಲ್ಲ ಹಂಗಾದ್ರೆ ನಮ್ಮ ದೋಣಿಗೆ ಜನವೇ ಸಿಗೂದಿಲ್ಲ" ಎಂದು ನಗುತ್ತಿದ್ದ. ಎದೆನೋವೆಂದು ದೋಣಿಯಿಂದ ಇಳಿದವನು ಮನೆ ಮುಟ್ಟಲಿಲ್ಲ. ಓದು ಅರ್ಧಕ್ಕೇ ನಿಂತಿತ್ತು.

"ಪ್ರತಿ ಪುಟಕ್ಕೂ ಹಾಗೇ ಹೇಳ್ತಿದ್ರು, ಚಿಕ್ಕಮ್ಮಾ. ಅವರಿಗೆ ಎಡಗಿವಿ ಕೇಳ್ತಿರಲಿಲ್ಲ."

"ಎಂತ?"

"ನಿಮಗೆ ಗೊತ್ತಿರ್ಲಿಲ್ವಾ? ಸಣ್ಣವರಿದ್ದಾಗ ಮರದಿಂದ ಬಿದ್ದದ್ದಂತೆ."

"ಅವ ಯಾವ ಮರ ಹತ್ತಿದ್ದ? ಮರ ಕಂಡ್ರೆ ಹೆದರೂ ಹುಡುಗ..." ಕಮಲಿ ತಡೆದಳು. "ಕರೆದ್ರೆ ತಿರುಗ್ತಿರ್ಲಿಲ್ಲ. ಸೊಕ್ಕು ಅಂತ ಮತ್ತೂ ಹೊಡೀತಿದ್ದೆ."

ತನ್ನ ಬಲ ಅಂಗೈಯನ್ನು ನೋಡಿಕೊಂಡಳು. ಸೆರಗಿಗೆ ಒರೆಸಿದಳು. ಮತ್ತೆ ಒರೆಸಿದಳು.

ಹತ್ತದ ಮರದಿಂದ ಗಂಡ ಬಿದ್ದದ್ದು ಯಾರ ಮಾನ ಉಳಿಸಲು ಎಂಬುದು ಸುಚಿತಾಗೆ ತಿಳಿಯಿತು. ಕಮಲಿಯ ಕಡೆ ನೋಡದೆ ಅವಳು ಚಪ್ಪಲಿ ಮೆಟ್ಟಿ, ಗಂಟಿನ ಮೇಲಿನ ಪುಸ್ತಕವನ್ನಷ್ಟೇ ಎತ್ತಿಕೊಂಡಳು.

"ನನ್ನ ಬಸ್ಸು?" ಕಮಲಿಯ ದನಿ ಸಣ್ಣಗಾಗಿತ್ತು.

ಸುಚಿತಾ ಅಂಗಳ ದಾಟಿದಳು.

ಶಿರಾಲಿಯಲ್ಲಿ ಮಾಲಿನಿ ಅಕ್ಕೋರು ಪುಸ್ತಕ ಬಿಡಿಸಿ, ಮಡಿಸಿದ ಪುಟ ನೋಡಿದರು. ಶಾಲೆಯಲ್ಲಿ ಪಾಠ ಹೇಳುವ ಚಟ ಅವರನ್ನು ಮನೆಯಲ್ಲೂ ಬಿಟ್ಟಿರಲಿಲ್ಲ.

"ಅರ್ಧಕ್ಕೇ ಬಿಟ್ಯಲ್ಲೇ! ಹುಡುಗ ದೊಡ್ಡವನಾದ ಮೇಲೆ ಸಾಕಿದ ಆ ಹೆಂಗ್ಸಿನ ಗತಿ ಎಂತಾತು, ಗೊತ್ತಾಗೂದು ಬೇಡ್ವಾ?"

"ಗೊತ್ತುಂಟು ಅಕ್ಕೋರೆ," ಎಂದಳು ಸುಚಿತಾ. "ನಮ್ಮನೇಲೇ ಇದ್ದಾಳೆ. ನಾ ಹೋಗದೆ ಊಟ ಮಾಡೂದಿಲ್ಲ."